ಬಿಸಿಗಾಳಿಯ ಹಿತ್ತಿಲು

"ಕತ್ತೆ ಮುಂಡೇದೇ, ಲೋಟ ಒಡೆದ್ರೆ ನಿಮ್ಮಪ್ಪ ತಂದ್ಕೊಡ್ತಾನಾ?" ಎಂದು ಮೇಸ್ತ್ರಿ ಬೈಯುವ ಹೊತ್ತಿಗೆ ದೊಡ್ಡಕ್ಕನ ತಂಗಿ ಲೋಟದ ಜೊತೆ ತಾನೂ ನೆಲಕ್ಕೆ ಬಿದ್ದಿದ್ದಳು. ತುಂಬು ಬಸುರಿ. ದೊಡ್ಡಕ್ಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಖಕ್ಕೆ ನೀರು ಚಿಮುಕಿಸಿದಳು. ನಲ್ಲಿಯ ನೀರೂ ಬಿಸಿ.

ಬಿಸಿಯಾಗದೆ ಇನ್ನೇನು? ಸಭಾಂಗಣದ ಏಸಿ ಯಂತ್ರಗಳೆಲ್ಲ ಬುಸುಗುಡುತ್ತಿದ್ದುದು ಈ ಹೆಂಗಸರೆಲ್ಲ ಪಾತ್ರೆ ತಿಕ್ಕುವ ಹಿತ್ತಿಲಿಗೇ. ಒಳಗೆ ಲೋಕದ ದೇಶಗಳೆಲ್ಲ ಸೇರಿ, ಭೂಮಿ ಕಾದದ್ದು ಯಾರಿಂದ ಎಂದು ಕಿತ್ತಾಡುತ್ತಿದ್ದವು. ಚಹಾದ ಹೊತ್ತು ತಿಳಿಯಲೆಂದು ಹಿತ್ತಿಲ ಗೋಡೆಗೂ ಒಂದು ಸ್ಪೀಕರ್ ಕಟ್ಟಿದ್ದರಿಂದ, ಅನುವಾದದವನ ಬಾಯಲ್ಲಿ ಆ ಜಗಳವೆಲ್ಲ ಇವರ ಕಿವಿಗೂ ಬೀಳುತ್ತಿತ್ತು. ಹೊಗೆ ಬಿಟ್ಟು ಬೆಳೆದ ದೇಶಗಳು ಉಳಿದವರಿಗೆ ಒಲೆ ಹಚ್ಚಬೇಡಿ ಎನ್ನುತ್ತಿದ್ದವು. ನೀವು ಉಂಡು ಕೈ ತೊಳೆದಿರಿ, ನಾವಿನ್ನೂ ಎಸರಿಟ್ಟಿಲ್ಲ ಎಂದು ಉಳಿದವರು. ಕಡಲು ನುಂಗುತ್ತಿದ್ದ ಪುಟ್ಟ ದ್ವೀಪದವರ ಮಾತು ಯಾರಿಗೂ ಬೇಕಿರಲಿಲ್ಲ. ಸಭೆ ನಿನ್ನೆಯೇ ಮುಗಿಯಬೇಕಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ, ಅವರು ಒಪ್ಪುವ ತನಕ ಇವರು ಮನೆಗೆ ಹೋಗುವಂತಿಲ್ಲ. ಸಾಲದ್ದಕ್ಕೆ, ಆ ಪುಣ್ಯಾತ್ಮರಿಗೆ ಗುಟುಕಿಗೊಂದು ಹೊಸ ಲೋಟ.

ತಂಗಿ ಕಣ್ಣು ಬಿಟ್ಟಳು, ಏಳಲಾಗಲಿಲ್ಲ. ಲೋಟ ತೊಳೆಯುವ ಟಬ್ಬುಗಳನ್ನು ಒಳಗಿನ ಕಾರಿಡಾರಿಗಾದರೂ ಒಯ್ಯುತ್ತೇವೆ, ಅಲ್ಲಿ ತಂಪಿದೆ ಎಂದು ದೊಡ್ಡಕ್ಕ ಮೇಸ್ತ್ರಿಯನ್ನು ಕೇಳಿಕೊಂಡಳು.

"ಭೂಮಿ ತಂಪು ಮಾಡೋಕೆ ಬಂದಿರೋರ ಮುಂದೆ ನಿಮ್ಮ ಎಂಜಲು ಟಬ್ಬು ಇಡ್ಲಾ?" ಮೇಸ್ತ್ರಿ ನಕ್ಕ. "ಬಸುರಿ ಮಾಡ್ದೋನನ್ನ ಕರ್ಸು, ಗಾಳಿ ಬೀಸ್ಲಿ."

ದೊಡ್ಡಕ್ಕ ಸೆರಗು ಬಿಗಿದು ಟಬ್ಬಿನ ಒಂದು ಹಿಡಿಕೆ ಹಿಡಿದಳು. ಇನ್ನೊಂದು ಹಿಡಿಕೆಗೆ ಮತ್ತೊಬ್ಬಳು ಬಂದಳು. ಉಳಿದವರು ತಂಗಿಯನ್ನು ಎತ್ತಿಕೊಂಡರು. ಅಡ್ಡ ಬಂದ ಕಾವಲಿನವನ ಮಿರುಗುವ ಬೂಟಿನ ಮೇಲೆ ಸೋಪಿನ ನೀರು ತುಳುಕಿತು. ಪಾಪ, ಅವನು ಪಕ್ಕಕ್ಕೆ ಜಿಗಿದು ಲೋಕಕ್ಕಿಂತ ಮೊದಲು ಬೂಟು ಉಳಿಸಿಕೊಂಡ.

ಕಾರಿಡಾರಿನಲ್ಲಿ ನಿಲ್ಲದೆ ಸಭಾಂಗಣಕ್ಕೇ ನುಗ್ಗಿ, ವೇದಿಕೆಯ ಮುಂದಿನ ಮೆತ್ತನೆ ಜಮಖಾನೆಯ ಮೇಲೆ ತಂಗಿಯನ್ನು ಮಲಗಿಸಿ, ಪಕ್ಕದಲ್ಲೇ ಟಬ್ಬು ಇಳಿಸಿದರು. ತೆರೆದ ಬಾಗಿಲಿಂದ ಹಿತ್ತಿಲ ಗಾಳಿಯೂ ಹಿಂದೆಯೇ ಬಂತು. ಕೋಟಿನವರೊಬ್ಬರು ಮೂಗು ಮುಚ್ಚಿಕೊಂಡು, ಇದೇನು ಗಲೀಜು, ಇವರ ಎಂಜಲನ್ನು ಹೊರಗೆ ಒಯ್ಯಿರಿ ಎಂದರು.

"ನಮ್ದಲ್ಲ ಸ್ವಾಮಿ, ನಿಮ್ದೇ," ಎಂದಳು ದೊಡ್ಡಕ್ಕ. "ನೀವು ಮಾತಾಡ್ತಿರಿ. ನಾವು ಇಲ್ಲೇ ತಿಕ್ತೀವಿ."

ಸೆಕೆಗೆ ಸಭೆಯವರು ಒಬ್ಬೊಬ್ಬರೇ ಕೋಟು ಬಿಚ್ಚತೊಡಗಿದರು. ಬಾಗಿಲು ಮುಚ್ಚಲು ಮೇಸ್ತ್ರಿ ಓಡಿದ. ಎರಡನೇ ಟಬ್ಬು ಆಗಲೇ ಹೊಸ್ತಿಲ ಮೇಲೆ ಕೂತಿತ್ತು, ಅದರ ಸುತ್ತ ಹೆಂಗಸರು. ದೊಡ್ಡಕ್ಕ ಮುಂದಿನ ಲೋಟ ಕೈಗೆತ್ತಿಕೊಂಡಳು.