ಹೆಚ್ಚಾದ ದುಡ್ಡು ಯಾರ ಪಾಲಿನದು

ಕೂತಲ್ಲಿ ಕೂರಲಿಕ್ಕಾಗದೆ, ನಿಂತಲ್ಲಿ ನಿಲ್ಲಲಿಕ್ಕಾಗದೆ, ಬೆಳಿಗ್ಗೆಯೇ ದುಬೈಯ ಅಲ್ ಕುಸೈಸಿನ ಫ್ಲ್ಯಾಟಿಗೆ ಬೀಗ ಹಾಕಿ ಅಬುಧಾಬಿಯ ಮುಸಫ್ಫಾಕ್ಕೆ ಹೊರಟೆ. ಅಲ್ಲಿ ಕೆಲಸ ಮಾಡುವ ನನ್ನ ಗಂಡ ಕ್ಲೈವನ ಒಂದು ಸಹಿ ಬೇಕಿತ್ತು. ಫೋನಿನಲ್ಲೇ ಆಗುತ್ತಿತ್ತು. ನಮ್ಮ ಟ್ಯಾಕ್ಸ್ ಪೇಪರ್ ನೋಡುವ ಶಾರ್ಜಾದ ವೆಲಿಟಾ, "ಲಿಂಕ್ ಕಳಿಸ್ತೇನೆ, ಇಬ್ಬರೂ ಕೂತಲ್ಲೇ ಒತ್ತಿ" ಅಂದಿದ್ದಳು. ಬೇಡ ಮಾರಾಯ್ತಿ, ಪ್ರಿಂಟೇ ಕೊಡು ಅಂದೆ. ಈಸ್ಟರ್ ಆದಮೇಲೆ ಅವನು ಮನೆಗೆ ಬಂದಿರಲಿಲ್ಲ. ಇನ್ನು ಬರುತ್ತಾನೋ ಇಲ್ಲವೋ, ಅದು ನನಗೆ ಅವನ ಮುಖ ನೋಡಿಯೇ ಗೊತ್ತಾಗಬೇಕಿತ್ತು.

ಬಸ್ಸಿನಲ್ಲಿ ಎಸಿ ಇದ್ದರೂ ಬೆವರು. ಪಕ್ಕದವಳು ಎರಡು ಸಲ ತಿರುಗಿ ನೋಡಿದಳು. ಕಾಲು ಕುಣಿಸುತ್ತಿದ್ದೆನಂತೆ. ಕುಣಿಸಿದರೆ ಅವಳಿಗೆಂತ!

ಕಳೆದ ವರ್ಷ ನಾವು ಹ್ಯೂಸ್ಟನ್ನಿನಲ್ಲಿದ್ದೆವು. ಪಾಸ್‌ಪೋರ್ಟೂ ಅಲ್ಲಿಯದೇ. ಹಾಗಾಗಿ ದುಬೈಗೆ ಬಂದರೂ ಅಲ್ಲಿನ ಟ್ಯಾಕ್ಸ್ ಬೆನ್ನು ಬಿಡುವುದಿಲ್ಲ. ಅಲ್ಲಿ ಹೆಲ್ತ್ ಸೇವಿಂಗ್ಸ್ ಅಕೌಂಟ್ ಅಂತ ಉಂಟು. ಔಷಧಿಗೆ, ಆಸ್ಪತ್ರೆಗೆ ಅಂತ ಟ್ಯಾಕ್ಸ್ ಇಲ್ಲದೆ ದುಡ್ಡು ಹಾಕಿಡಬಹುದು, ಒಂದು ಮಿತಿಯವರೆಗೆ. ನಾನು ನನ್ನ ಕಂಪನಿಯಲ್ಲಿ ಇಡೀ ಕುಟುಂಬದ ಮಿತಿಯಷ್ಟು ಹಾಕಿದೆ. ಕ್ಲೈವ್ ಅವನ ಕಂಪನಿಯಲ್ಲಿ ಅಷ್ಟೇ ಹಾಕಿದ. ಒಬ್ಬರನ್ನೊಬ್ಬರು ಕೇಳಲಿಲ್ಲ. ನಮ್ಮ ಮನೆಯಲ್ಲಿ ದುಡ್ಡಿನ ಮಾತು ಕೇಳುವ ಕ್ರಮವೇ ಇರಲಿಲ್ಲ, ನಿನ್ನದು ನಿನಗೆ, ನನ್ನದು ನನಗೆ.

ಆದರೆ ಅಮೇರಿಕದ ಸರಕಾರಕ್ಕೆ ಗಂಡ ಹೆಂಡತಿ ಒಂದೇ. ಇಬ್ಬರಿಗೂ ಸೇರಿ ಒಂದೇ ಮಿತಿ. ಹೆಚ್ಚಾದದ್ದನ್ನು ಈ ಅಕ್ಟೋಬರಿನ ಗಡುವಿನೊಳಗೆ ಹೊರಗೆ ತೆಗೆದು, ರಿಟರ್ನ್ ತಿದ್ದಿ ಪುನಃ ಕಳಿಸಬೇಕು, ಇಲ್ಲದಿದ್ದರೆ ವರ್ಷ ವರ್ಷ ದಂಡ. ಯಾರ ಅಕೌಂಟಿನಿಂದ ಎಷ್ಟು ಅಂತ ನಾವಿಬ್ಬರೂ ಒಪ್ಪಿ ಹೇಳಬೇಕು. ನಾವಿಬ್ಬರು ಒಪ್ಪುವುದಂತೆ! ವೆಲಿಟಾ ಅರ್ಧ ಅರ್ಧ ಅಂತ ಬರೆದು ಕೊಟ್ಟಿದ್ದಳು.

ಅವನ ವರ್ಕ್‌ಶಾಪಿನ ಎದುರಿನ ಕ್ಯಾಫೆಟೀರಿಯಾದಲ್ಲಿ ಕೂತೆವು. ಬಡಕಲಾಗಿದ್ದಾನೆ.

"ಊಟ ಮಾಡ್ತೀಯಾ ಇಲ್ವಾ?" ಅಂದೆ. ನೆಟ್ಟಗೆ ಮಾತಾಡಬೇಕು ಅಂತ ಬಂದವಳು, ಬಾಯಿ ಬಿಟ್ಟರೆ ಜಗಳದ ದನಿಯೇ ಬರುತ್ತದೆ.

"ಮಾಡ್ತೇನೆ. ಪೇಪರ್ ಕೊಡು."

ಓದಿದ. ಸಹಿ ಹಾಕಲಿಲ್ಲ.

"ಅರ್ಧ ಅರ್ಧ ಬೇಡ ಸ್ಟೇಸಿ. ಎಲ್ಲಾ ನನ್ನ ಅಕೌಂಟಿನಿಂದಲೇ ತೆಗೆಯಲಿ. ನಿನ್ನದು ಇದ್ದ ಹಾಗೇ ಇರಲಿ."

ನನಗೆ ಎಷ್ಟು ಖುಷಿಯಾಯಿತು ಅಂದರೆ, ಕರಕ್ ಚಹಾ ಒಂದೇ ಗುಟುಕಿಗೆ ಮುಗಿಸಿದೆ. ಸೋತನಲ್ಲ, ಅಂತೂ ದಾರಿಗೆ ಬಂದ!

"ಹಾಗಾದರೆ ಈ ಶುಕ್ರವಾರ ಬಾ. ಪೋರ್ಕ್ ಬಫಾತ್ ಮಾಡ್ತೇನೆ. ಸಣ್ಣ ಕೋಣೆಯ ಎಸಿಯೂ ರಿಪೇರಿಯಾಯ್ತು" ಅಂತ ಒಂದೇ ಉಸಿರಿಗೆ ಹೇಳಿದೆ.

ಕ್ಲೈವ್ ತಲೆ ಎತ್ತಲಿಲ್ಲ. "ನಾಳೆ ನಿನಗೆ ಹುಷಾರಿಲ್ಲ ಅಂತಾದರೆ ನಾನು ಹತ್ತಿರ ಇರುವುದಿಲ್ಲ. ದುಡ್ಡಾದರೂ ಇರಲಿ ಅಂತ."

ಮೆತ್ತಗೆ ಹೇಳಿದ, ಸಿಟ್ಟೇ ಇಲ್ಲ. ಸಿಟ್ಟಿದ್ದರೆ ನಾನೂ ನಾಲ್ಕು ಮಾತು ಕೊಡುತ್ತಿದ್ದೆ. ಆಗ ಗೊತ್ತಾಯಿತು. ಮನೆಗೆ ಬರುವವನು ಹೀಗೆ ಪೂರ್ತಿ ಬಿಟ್ಟುಕೊಡುವುದಿಲ್ಲ. ಬರುವವನಾಗಿದ್ದರೆ ನನ್ನ ಹತ್ತಿರ ಅರ್ಧಕ್ಕೆ ಜಗಳ ಮಾಡುತ್ತಿದ್ದ.

ಅವನು ವೆಲಿಟಾಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ, ವಿಷಯ ಹೇಳಿದ.

"ಎಲ್ಲಾ ನಿನ್ನದರಿಂದಲೇ? ಅಯ್ಯೋ, ಪುಣ್ಯ ಮಾಡಿದ್ದೀ ಸ್ಟೇಸಿ, ಇಂಥ ಗಂಡ ಯಾರಿಗೆ ಸಿಗ್ತಾನೆ! ಆದ್ರೆ ನೀನೂ ಹೇಳಬೇಕು. ಇಬ್ಬರೂ ಒಪ್ಪದೆ ನಾನು ತಿದ್ದುವುದಿಲ್ಲ."

"ಇಲ್ಲ" ಅಂದೆ. "ನನ್ನದರಿಂದಲೂ ತೆಗಿ. ಅರ್ಧ ತೆಗಿ ವೆಲಿಟಾ. ಬೇಕಾದರೆ ಎಲ್ಲಾ ನನ್ನದರಿಂದಲೇ ತೆಗಿ." ಪಕ್ಕದ ಮೇಜಿನವರು ತಿರುಗಿ ನೋಡಿದರು. ಅಳುತ್ತಿದ್ದೆ, ನಾಚಿಕೆಯೂ ಆಗಲಿಲ್ಲ.

"ಎಂತ ಮಾರಾಯ್ತಿ, ಅವನಾಗಿ ಕೊಟ್ಟದ್ದನ್ನು ಬೇಡ ಅಂತೀಯಾ?"

ಕ್ಲೈವ್ ಫೋನನ್ನು ತನ್ನ ಕಡೆ ಎಳೆದುಕೊಂಡು ಸ್ಪೀಕರ್ ಆಫ್ ಮಾಡಿದ.

"ಎಲ್ಲಾ ನನ್ನದರಿಂದಲೇ ತೆಗಿ. ಒಪ್ಪಿದ್ದಾಳೆ" ಅಂದ.