ಮೊಳೆಯಿಲ್ಲದ ಮರ

ಶೇಖರನಿಗೆ ಮರ ಕೊಯ್ಯುವ ಬ್ಯಾಂಡ್‌ಸಾ ಮಿಷನ್ ಬೇಕಾದದ್ದು ಶೋಕಿಗಲ್ಲ, ಹಟಕ್ಕೆ.

ಹೋದ ವರ್ಷದ ಮಳೆಗಾಲದ ಗಾಳಿಗೆ ಕಟಪಾಡಿಯ ಅವನ ಮನೆಯ ಹಿತ್ತಲಿನ ಹಲಸಿನ ಮರ ಬುಡಸಮೇತ ಉರುಳಿತು. ಅದು ಅವನ ಅಮ್ಮ ನೆಟ್ಟ ಮರ. ಅಮ್ಮ ತೀರಿಕೊಂಡು ವರ್ಷಗಳಾಗಿದ್ದರೂ ಆ ಮರ ನಿಂತಿರುವಷ್ಟು ದಿನ ಅವಳು ಹಿತ್ತಲಲ್ಲೇ ಎಲ್ಲೋ ಇದ್ದಾಳೆ ಎಂದು ಅವನಿಗೆ ಅನ್ನಿಸುತ್ತಿತ್ತು. ಬಿದ್ದ ಮರವನ್ನು ಹಲಗೆ ಮಾಡಿ, ಚಾವಡಿಯಲ್ಲಿ ಒಂದು ಉಯ್ಯಾಲೆ ತೂಗುಹಾಕಿ, ಸಂಜೆ ಹೆಂಡತಿ ಕುಶಲಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಮ್ಮನ ಮರದ ಮೇಲೆ ಚಾ ಕುಡಿಯಬೇಕೆಂಬುದು ಅವನ ಆಸೆ.

ಆದರೆ ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಮಿಲ್ಲಿನವರು ಬೇರೆ ರೀತಿಯಲ್ಲಿ ಪಾಲಿಸುತ್ತಾರೆ. ಸಂತೆಕಟ್ಟೆಯ ಕಡೆಯ ಮಿಲ್ಲಿಗೆ ದಿಮ್ಮಿ ಕೊಂಡುಹೋದರೆ ಅವರು ಟೆಂಪೋದಿಂದ ಇಳಿಸಲೂ ಬಿಡಲಿಲ್ಲ.

"ಮನೆ ಹಿತ್ತಲಿನ ಮರ ನಾವು ಕೊಯ್ಯುವುದಿಲ್ಲ ಮಾರಾಯ್ರೆ. ಬಟ್ಟೆಯ ಹಗ್ಗಕ್ಕೆ, ದನ ಕಟ್ಟಲಿಕ್ಕೆ ಅಂತ ಮೊಳೆ ಹೊಡೆದಿರುತ್ತಾರೆ. ನಮ್ಮ ಬ್ಲೇಡು ಹೋಗುತ್ತದೆ."

"ನಮ್ಮ ಮರದಲ್ಲಿ ಮೊಳೆಯಾ?" ಎಂದು ಶೇಖರ ಕೆರಳಿದ. ಆ ಮರಕ್ಕೆ ಉಗುರು ತಾಗಿಸಲೂ ಅಮ್ಮ ಯಾರನ್ನೂ ಬಿಟ್ಟವಳಲ್ಲ. ಮೊಳೆಯಿಲ್ಲದ ಮರ ಎಂದು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಹಾಗಾದರೆ ನಾನೇ ಮಿಷನ್ ತಂದು ನಾನೇ ಕೊಯ್ಯುತ್ತೇನೆ ಎಂದು ಶಪಥ ಮಾಡಿ, ದಿಮ್ಮಿಯನ್ನು ಚೈನ್‌ಸಾದವನಿಂದ ತುಂಡು ಮಾಡಿಸಿ, ಟಾರ್ಪಾಲಿನ ಅಡಿಯಲ್ಲಿ ಒಣಗಲು ಇಟ್ಟ.

ಮಸ್ಕತ್‌ನಲ್ಲಿ ಸ್ಟೋರ್ ಕೀಪರ್ ಆಗಿ ಆಯುಷ್ಯದ ಒಳ್ಳೆಯ ಭಾಗ ಕಳೆದು ಬಂದವನಿಗೆ ಮರಗೆಲಸ ಈಚಿನ ಹುಚ್ಚು. ದನವಿಲ್ಲದ ಹಟ್ಟಿಯನ್ನೇ ವರ್ಕ್‌ಶಾಪ್ ಮಾಡಿಕೊಂಡಿದ್ದ. ಅವನು ಮಾಡಿದ ಸ್ಟೂಲುಗಳಲ್ಲಿ ಕಾಗದದ ಚೂರು ಅಡಿಗಿಡದೆ ನೆಟ್ಟಗೆ ನಿಲ್ಲುವಂಥದ್ದು ಒಂದೂ ಇರಲಿಲ್ಲ. ಮಕ್ಕಳಿಲ್ಲದ ಮನೆ, ಇರುವವರು ಇಬ್ಬರೇ, ಆದ್ದರಿಂದ ನಗಲು ಬೇರೆ ಜನವಿರಲಿಲ್ಲ. ಕುಶಲಾ ಅದಕ್ಕೆಲ್ಲ ಏನೂ ಅಂದವಳಲ್ಲ. ಈ ಬ್ಯಾಂಡ್‌ಸಾ ವಿಷಯದಲ್ಲಿ ಮಾತ್ರ ಮೊದಲ ಸಲ ಅಡ್ಡ ಬಂದಳು.

"ಆ ಮರ ಹೋಗಲಿ ಬಿಡಿ. ಒಲೆಗೆ ಆಗುತ್ತದೆ."

ತನ್ನ ಬೆರಳಿನ ಚಿಂತೆ ಅವಳಿಗೆ ಎಂದು ಶೇಖರ ತಿಳಿದ. ಕೊನೆಗೆ ಒಂದು ಒಪ್ಪಂದವಾಯಿತು. ಅವಳೂ ಜೊತೆಗೆ ಬರುವುದು, ಮಿಷನ್ ಮರ ಕೊಯ್ಯುವುದನ್ನು ಕಣ್ಣಾರೆ ನೋಡುವುದು, ಅವಳು ಹೂಂ ಅಂದರೆ ಮಾತ್ರ ಮಿಷನ್ ಮನೆಗೆ. ಅವಳು ಬೇಡ ಅಂದರೆ ಉಯ್ಯಾಲೆಯೂ ಇಲ್ಲ, ಅಮ್ಮನ ಮರ ಬಚ್ಚಲೊಲೆಗೆ. ಶೇಖರ ಒಪ್ಪಿದ. ಮಿಷನ್ನಿನ ಮೇಲಿನ ನಂಬಿಕೆಯಿಂದಲ್ಲ, ಹೆಂಡತಿಯ ಮೇಲಿನ ನಂಬಿಕೆಯಿಂದ. ಅವಳನ್ನು ತಾನು ಪೂರ್ತಿ ಬಲ್ಲೆ ಎಂದುಕೊಂಡಿದ್ದ.

ಹಳೆಯ ಮಿಷನ್ ಇದ್ದದ್ದು ಶಿರ್ವದಲ್ಲಿ, ಪ್ಯಾಟ್ರಿಶಿಯಾ ಎಂಬವಳ ವರ್ಕ್‌ಶಾಪಿನಲ್ಲಿ. ಅಪ್ಪನ ನಂತರ ಕಿಟಕಿ ಬಾಗಿಲಿನ ಕೆಲಸವನ್ನು ಅವಳೇ ನಡೆಸುತ್ತಿದ್ದಳು. ದೊಡ್ಡ ಮಿಷನ್ ಬಂದದ್ದರಿಂದ ಇದನ್ನು ಮಾರುವುದೆಂದು ಮಾಡಿದ್ದಳು. ಆಳೆತ್ತರದ ಬೀಡುಕಬ್ಬಿಣದ ಮೈ, ಮಾಸಿದ ಹಸಿರು ಬಣ್ಣ, ಮೇಲೊಂದು ಕೆಳಗೊಂದು ಚಕ್ರ, ಅವೆರಡರ ಸುತ್ತ ಓಡುವ ಹಲ್ಲಿನ ಪಟ್ಟಿ. ಶೇಖರನಿಗೆ ನೋಡಿದ ಕೂಡಲೇ ಮನಸ್ಸು ಕೂತಿತು. ಪರೀಕ್ಷೆಗೆಂದು ಕಾರಿನ ಡಿಕ್ಕಿಯಲ್ಲಿ ಹಲಸಿನ ಒಂದು ತುಂಡನ್ನು ತಂದಿದ್ದ. ಅದನ್ನು ಎತ್ತಿ ತಂದು ಮೇಜಿನ ಮೇಲಿಟ್ಟ.

"ಮೊಳೆ ಉಂಟಾ ಅಣ್ಣ?" ಪ್ಯಾಟ್ರಿಶಿಯಾ ಕೇಳಿದಳು. ಹಿತ್ತಲಿನ ಮರ ಕಂಡರೆ ಆ ಕಸುಬಿನವರ ಬಾಯಿಗೆ ಮೊದಲು ಬರುವ ಮಾತೇ ಅದು.

"ಮೊಳೆಯ ಮಾತೇ ಇಲ್ಲ ಬಾಯಮ್ಮ," ಎಂದ, ಕ್ರೈಸ್ತ ಹೆಂಗಸರನ್ನು ಊರಿನಲ್ಲಿ ಕರೆಯುವಂತೆ. " ಇದು ನನ್ನ ಅಮ್ಮನ ಮರ." ಶೇಖರನಿಗೆ ಈ ಕಥೆ ಹೇಳಲು ಕಾರಣವೇ ಬೇಕಿರಲಿಲ್ಲ, ಈಗಂತೂ ಕೇಳುವವರು ಸಿಕ್ಕಿದ್ದರು. "ಇವಳು ಮದುವೆಯಾಗಿ ಬಂದು ನಾಲ್ಕೈದು ವರ್ಷವಾದರೂ ಈ ಮರ ಒಂದು ಕಾಯಿ ಬಿಟ್ಟಿರಲಿಲ್ಲ. ಕಡಿಸುವುದು ಅಂತಲೇ ಆಗಿತ್ತು. ಅಮ್ಮ ಒಂದು ದಿನ ಅದರ ಬುಡದಲ್ಲಿ ನಿಂತು ಚೆನ್ನಾಗಿ ಬೈದಳಂತೆ. ಮರುವರ್ಷ ನೋಡಬೇಕು ನೀವು, ಬುಡದಿಂದ ತುದಿಯವರೆಗೆ ಕಾಯಿ. ಅಮ್ಮನ ಬಾಯಿ ಅಂಥದ್ದು. ಮರಕ್ಕಾದರೂ ಬುದ್ಧಿ ಬಂತು ಅಂತ ಎಲ್ಲರಿಗೂ ಹೇಳುತ್ತಿದ್ದಳು."

ಹೇಳಿ ನಕ್ಕ. ಯಾವಾಗಲೂ ಅಲ್ಲೇ ನಗುತ್ತಿದ್ದ. ಪ್ಯಾಟ್ರಿಶಿಯಾ ನಗಲಿಲ್ಲ, ಒಮ್ಮೆ ಕುಶಲಾಳ ಮುಖ ನೋಡಿದಳು. ಕುಶಲಾ ಮರದ ತುಂಡನ್ನೇ ನೋಡುತ್ತಿದ್ದಳು.

"ಬೇರೆ ಮರ ಹಾಕಿ ನೋಡುವ," ಎಂದಳು. "ಇವರದ್ದೇ ಯಾವುದಾದರೂ ಇರುತ್ತದಲ್ವಾ."

"ನಮ್ಮ ಮರ ಕೊಯ್ಯುತ್ತದಾ ಅಂತ ಅಲ್ವಾ ನೋಡುವುದು?" ಎಂದ ಶೇಖರ.

ಪ್ಯಾಟ್ರಿಶಿಯಾ ಒಂದು ಅಯಸ್ಕಾಂತ ತಂದು ತುಂಡಿನ ನಾಲ್ಕೂ ಮೈಗೆ ಸವರಿದಳು. ಎಲ್ಲಿಯೂ ಹಿಡಿಯಲಿಲ್ಲ. ಶೇಖರ ಪರೀಕ್ಷೆ ಪಾಸಾದವನಂತೆ ಎದೆ ಉಬ್ಬಿಸಿದ. ಅವಳು ಇಬ್ಬರನ್ನೂ ದೂರ ನಿಲ್ಲಿಸಿ ಸ್ವಿಚ್ ಹಾಕಿದಳು. ಚಕ್ರಗಳು ಮೊದಲು ಗೊಣಗಿ, ಆಮೇಲೆ ಒಂದೇ ಶ್ರುತಿ ಹಿಡಿದವು. ಹಲಸು ಬೆಣ್ಣೆಯಂತೆ ಕೊಯ್ಯಿಸಿಕೊಂಡಿತು. ಅರಸಿನ ಹುಡಿಯಂಥ ಹೊಟ್ಟು ಕೆಳಗೆ ಉದುರಿತು. ಶೇಖರ ಕುಶಲಾಳತ್ತ ತಿರುಗಿ, ಹೇಗೆ ಎಂಬಂತೆ ಹುಬ್ಬು ಹಾರಿಸಿದ.

ಅಷ್ಟರಲ್ಲಿ ಜಾತ್ರೆಯ ಗರ್ನಾಲು ಸಿಡಿದ ಹಾಗೆ ಸದ್ದಾಯಿತು.

ತುಂಡಾದ ಬ್ಲೇಡು ಮಿಷನ್ನಿನ ಮುಚ್ಚಳದ ಒಳಗೇ ಕಟಕಟ ಬಡಿದುಕೊಂಡಿತು. ಪ್ಯಾಟ್ರಿಶಿಯಾ ಆಗಲೇ ಸ್ವಿಚ್ ತೆಗೆದಿದ್ದಳು. ಮೂವರ ಕೈಕಾಲೂ ಸರಿಯಾಗಿದ್ದವು.

"ಮೊಳೆ," ಎಂದಳು ಪ್ಯಾಟ್ರಿಶಿಯಾ. "ತುಂಬ ಒಳಗೆ ಉಂಟು. ಮರ ನುಂಗಿಬಿಟ್ಟಿದೆ. ಅದಕ್ಕೇ ಅಯಸ್ಕಾಂತಕ್ಕೆ ಸಿಕ್ಕಲಿಲ್ಲ."

"ಸಾಧ್ಯವೇ ಇಲ್ಲ," ಎಂದ ಶೇಖರ.

ಅವಳು ಕೊಯ್ದ ಗೆರೆಗೆ ಉಳಿ ಇಟ್ಟು ಕೊಡತಿಯಿಂದ ಹೊಡೆದು ತುಂಡನ್ನು ಸೀಳಿದಳು. ಹಳದಿ ಮರದ ನಡುವೆ ಅಂಗೈಯಗಲ ಕಪ್ಪಾಗಿತ್ತು. ಆ ಕಪ್ಪಿನೊಳಗೆ ಬೆರಳುದ್ದದ ತುಕ್ಕು ಹಿಡಿದ ಮೊಳೆ. ಮೊಳೆಯ ತಲೆಯ ಕೆಳಗೆ ಏನೋ ಒಂದು ಬಳೆಯಂತೆ ಸುತ್ತಿಕೊಂಡಿತ್ತು. ಬ್ಲೇಡು ತಾಗಿದಲ್ಲಿ ಅದು ಬೆಳ್ಳಗೆ ಹೊಳೆಯುತ್ತಿತ್ತು.

"ಬೆಳ್ಳಿ," ಎಂದು ಪ್ಯಾಟ್ರಿಶಿಯಾ ಬಗ್ಗಿ ನೋಡಿದಳು. "ಕಾಲುಂಗುರ ಅಲ್ವಾ ಇದು?"

ಶೇಖರ ಹತ್ತಿರ ಬಂದ. ಮೀನಿನ ಆಕಾರ, ಮೀನಿಗೊಂದು ಸಣ್ಣ ಕಣ್ಣು. ಮದುವೆಗೆ ಮುಂಚೆ ಉಡುಪಿಯಲ್ಲಿ ಅಂಗಡಿ ಅಂಗಡಿ ತಿರುಗಿ ಅವನೇ ಆರಿಸಿದ ಜೋಡಿ ಅದು. ಒಂದನ್ನು ಕುಶಲಾ ಕಳೆದುಕೊಂಡಿದ್ದಳು. ಅವನು ಮಸ್ಕತ್‌ನಿಂದ ರಜೆಯಲ್ಲಿ ಬಂದಾಗ ಅಮ್ಮ ಬಾಗಿಲಲ್ಲೇ ಹೇಳಿದ ಸುದ್ದಿ ಅದು. ಮುತ್ತೈದೆ ಕಾಲುಂಗುರ ಕಳೆದುಕೊಳ್ಳುವುದೆಂದರೆ ಎಂಥ ಲಕ್ಷಣ, ಇವಳ ಹೊಟ್ಟೆ ಯಾಕೆ ತುಂಬುವುದಿಲ್ಲ ಅಂತ ಈಗ ಗೊತ್ತಾಯಿತಲ್ಲ, ಎಂದಿದ್ದಳು. ಅವನೂ ಬೈದಿದ್ದ. ಕುಶಲಾ ತಲೆ ತಗ್ಗಿಸಿ ಕೇಳಿಕೊಂಡಿದ್ದಳು.

"ಮಾಟ," ಎಂದ. ಪಕ್ಕದ ಹಲಗೆಯ ಅಟ್ಟಿಯ ಮೇಲೆ ಕುಳಿತುಬಿಟ್ಟ. "ನಮ್ಮ ಮನೆಗೆ ಯಾರೋ ಮಾಟ ಮಾಡಿಸಿದ್ದಾರೆ. ನಮಗೆ ಮಕ್ಕಳಾಗದ ಹಾಗೆ."

ಮೊದಲು ನೆನಪಾದದ್ದು ಬೇಲಿ ಜಗಳದ ದಾಯಾದಿ. ಆದರೆ ಹೊರಗಿನವನಿಗೆ ಕುಶಲಾಳ ಕಾಲಿನ ಉಂಗುರ ಎಲ್ಲಿ ಸಿಗಬೇಕು? ಆಗ ಮನೆಯೊಳಗೆ ಇದ್ದವರು ಇಬ್ಬರೇ ಹೆಂಗಸರು. ಮರಕ್ಕೆ ಉಗುರು ತಾಗಿಸಲೂ ಬಿಡದ ಅಮ್ಮ. ಯಾಕೆ ಬಿಡುತ್ತಿರಲಿಲ್ಲ? ಅಲ್ಲ ಅನ್ನು ಎಂದು ಬೇಡುವವನಂತೆ ಹೆಂಡತಿಯನ್ನು ನೋಡಿದ.

"ಅಮ್ಮನಾ?"

ಕುಶಲಾ ಹೌದು ಅನ್ನಬಹುದಿತ್ತು. ಸತ್ತವರು ಎದ್ದು ಬಂದು ಸಾಕ್ಷಿ ಹೇಳುವುದಿಲ್ಲ, ಬೈಸಿಕೊಂಡ ಲೆಕ್ಕಕ್ಕೆ ಅದೇನೂ ದೊಡ್ಡ ಅನ್ಯಾಯವೂ ಆಗುತ್ತಿರಲಿಲ್ಲ.

"ಅಲ್ಲ," ಎಂದಳು. "ನಾನೇ ಹೊಡೆದದ್ದು."

ಶೇಖರನಿಗೆ ಅರ್ಥವಾಗಲಿಲ್ಲ.

"ಮರ ಕಡಿಯುವವನು ಬಂದಿದ್ದ," ಕುಶಲಾ ಹೇಳಿದಳು. ಅವಳು ಗಂಡನಿಗೆ ಹೇಳುತ್ತಿದ್ದರೂ ನೋಡುತ್ತಿದ್ದದ್ದು ಮೊಳೆಯನ್ನು. "ಆಟಿ ತಿಂಗಳ ಮಳೆ ಕಳೆದ ಮೇಲೆ ಬಾ, ಈ ಬಂಜೆಯನ್ನು ಕಡಿದು ಬಿಸಾಡುವ ಅಂದರು ಮಾಮಿ. ನಾನು ಅಲ್ಲೇ ಬಟ್ಟೆ ಒಗೆಯುತ್ತಿದ್ದೆ. ನನ್ನನ್ನು ನೋಡಿಕೊಂಡೇ ಹೇಳಿದರು. ಈ ಮರ ಹೋದರೆ ಮುಂದಿನ ಸರದಿ ನನ್ನದು ಅಂತ ಅನ್ನಿಸಿತು. ಕಾಯಿ ಬಿಡದ ಮರಕ್ಕೆ ಮೊಳೆ ಹೊಡೆದರೆ ಹೆದರಿ ಕಾಯಿ ಬಿಡುತ್ತದೆ ಅಂತಾರಲ್ಲ. ಮೊಳೆಯ ಜೊತೆ ಮೈಮೇಲಿನದ್ದು ಏನಾದರೂ ಸೇರಿಸಿದರೆ ಹೊಡೆದವಳಿಗೂ ಮಗು ಆಗುತ್ತದೆ ಅಂತ ಬಾವಿಕಟ್ಟೆಯಲ್ಲಿ ಯಾರೋ ಹೇಳಿದ್ದರು. ಮಾಮಿ ಮದುವೆಗೆ ಹೋದ ದಿನ ಹೊಡೆದೆ. ನೀವು ಮಸ್ಕತ್‌ನಲ್ಲಿದ್ದಿರಿ."

"ಮರ ಬಿದ್ದಾಗಲಾದರೂ ಹೇಳಬಾರದಿತ್ತಾ?"

"ಬುಡದ ಹತ್ತಿರ ಹೊಡೆದದ್ದು, ಆ ತುಂಡು ಒಲೆಗೆ ಹೋಯಿತು ಅಂತ ಎಣಿಸಿದ್ದೆ. ಗಟ್ಟಿ ಗೊತ್ತಿರಲಿಲ್ಲ." ಅದೇ ಸ್ವರದಲ್ಲಿ ಸೇರಿಸಿದಳು. "ಮರ ಹೆದರಿ ಕಾಯಿ ಬಿಟ್ಟಿತು. ನಾನು ಅದಕ್ಕಿಂತ ಹೆಚ್ಚು ಹೆದರಿದ್ದೆ."

ಶೇಖರನ ತಲೆಯಲ್ಲಿ ಏನೂ ನಿಲ್ಲಲಿಲ್ಲ. ಅಮ್ಮನ ಬಾಯಿ, ಊರಿಗೆಲ್ಲ ಹಂಚಿದ ಹಣ್ಣು, ಮರಕ್ಕಾದರೂ ಬುದ್ಧಿ ಬಂತು ಎಂಬ ಮಾತು. ಅದೇ ಮಾತನ್ನು ಈ ಹೆಂಗಸಿನ ಎದುರಿಗೆ ನೆಂಟರಿಗೆ, ನೆರೆಯವರಿಗೆ, ಇವತ್ತು ಗುರುತಿಲ್ಲದ ಬಾಯಮ್ಮನಿಗೂ ಹೇಳಿ ನಕ್ಕಿದ್ದ. ಕಥೆಯೇ ಅವಳದ್ದು. ಹಣ್ಣು ಕೊಯ್ದು, ಸೊಳೆ ಬಿಡಿಸಿ, ಬಂದವರಿಗೆಲ್ಲ ಕೊಟ್ಟವಳೂ ಅವಳೇ. ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದವಳಲ್ಲಿ ಇನ್ನೂ ಏನೇನು ಇದ್ದೀತು ಎಂದು ಅವಳ ಮುಖವನ್ನು ಹೊಸದಾಗಿ ನೋಡಿದ.

ಪ್ಯಾಟ್ರಿಶಿಯಾ ಇಕ್ಕಳದಿಂದ ಉಂಗುರವನ್ನು ಬಿಡಿಸಿ ಕುಶಲಾಳ ಕೈಯಲ್ಲಿಟ್ಟಳು. ಕುಶಲಾ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

"ಮಿಷನ್ ಒಳ್ಳೆಯದುಂಟು," ಎಂದಳು. "ತೆಗೆದುಕೊಳ್ಳಿ. ಉಯ್ಯಾಲೆಯೂ ಆಗಲಿ. ಆದರೆ ಕೂತವರಿಗೆಲ್ಲ ಆ ಕಥೆ ಹೇಳಬೇಡಿ."

ಶೇಖರ ತಲೆಯಾಡಿಸಿದ.

"ಬೇರೆ ಬ್ಲೇಡು ಹಾಕುತ್ತೇನೆ," ಎಂದು ಪ್ಯಾಟ್ರಿಶಿಯಾ ಒಳಗಿನಿಂದ ಹೊಸ ಪಟ್ಟಿ ತಂದು ಚಕ್ರಕ್ಕೆ ಏರಿಸಿದಳು. "ಪೂರ್ತಿ ನೋಡಿಯೇ ಕೊಂಡುಹೋಗಿ." ಸೀಳಿದ ಹಲಸಿನ ಉಳಿದರ್ಧವನ್ನು ಮೇಜಿನ ಮೇಲಿಟ್ಟು, ಸ್ವಿಚ್ಚಿನ ಮೇಲೆ ಕೈಯಿಟ್ಟವಳು ಅಭ್ಯಾಸಬಲದಿಂದ ಕೇಳಿದಳು. "ಇನ್ನು ಮೊಳೆ ಉಂಟಾ ಅಣ್ಣ?"

ಇಲ್ಲ ಎನ್ನಲು ಶೇಖರನ ಬಾಯಿ ತೆರೆದಿತ್ತು. ಅವನು ಅದನ್ನು ಮುಚ್ಚಿಕೊಂಡ.

"ನನಗೆ ಗೊತ್ತಿಲ್ಲ ಬಾಯಮ್ಮ," ಎಂದ. "ಅವಳನ್ನು ಕೇಳಿ."