ಬೆಲ್ಟು ಹಿಡಿದ ಕೈ

ಬೆನ್ನ ಹಿಂದೆ ಬೆಲ್ಟು ಬಿಗಿಯಾಗುತ್ತದೆ, ಮತ್ತೆ ಆ ಕೈ, ಮೂರು ಬೆರಳು ಬೆಲ್ಟಿನೊಳಗೆ, ಸೊಟ್ಟ ಕಿರುಬೆರಳು ಮಾತ್ರ ಹೊರಗೆ, ಸೊಂಟದ ಮೂಳೆಗೆ ಚುಚ್ಚುತ್ತ — ಹಿಂದೆ ಬಾ ವರ್ಲಿನ್, ಹಿಂದೆ ಬಾ, ಬಂದೆ ಕೋಚ್, ಬಂದಿದೀನಲ್ಲ, ಎಳೀಬೇಡಿ, ಪ್ಯಾಂಟು ಉದುರುತ್ತೆ, ಉದುರಲಿ ಬಿಡಯ್ಯಾ, ಟಿವಿಯವರಿಗೂ ಒಂದು ಒಳ್ಳೇ ಚಿತ್ರ ಸಿಗ್ಲಿ ಅನ್ನುತ್ತಾನೆ ಹಾವ್ಲಿಕ್, ಅರವತ್ಮೂರರ ಮುದುಕ, ನಮ್ಮ ಮುಖ್ಯ ಕೋಚ್, ನಾನು ಹತ್ತೊಂಬತ್ತು ವರ್ಷದಿಂದ ಅವನ ಸಹಾಯಕ, ತಡೆಯುವ ಆಟ ನನ್ನದು, ಇವತ್ತು ಸೋತರೆ ಅವನ ಕೆಲಸ ಹೋಯಿತು, ಅದು ಗೊತ್ತಿದ್ದೂ ಜೋಕು ಹೊಡೆಯುತ್ತಾನೆ, ಪ್ಲ್ಯಾಟ್ ನದಿ ಕಡೆಯಿಂದ ಗಾಳಿ ಮುಖ ಸುಲಿಯುತ್ತಿದೆ, ಗಡಿಯಾರದಲ್ಲಿ ಒಂಬತ್ತು ಸೆಕೆಂಡು, ನಾವು ನಾಲ್ಕು ಅಂಕ ಮುಂದೆ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ನಮ್ಮ ಅಮೆರಿಕದ ಫುಟ್‌ಬಾಲು, ಚೆಂಡು ಆರ್ಡೆನ್ ಕಾಲೇಜಿನವರ ಕೈಯಲ್ಲಿ, ನಮ್ಮ ಗೆರೆಗೆ ಮೂರೇ ಗಜ, ದಾಟಿಸಿದರೆ ಆರು ಅಂಕ, ಅವರಿಗಿರುವುದು ಒಂದೇ ಒಂದು ಯತ್ನ. ತಡೆದರೆ ಉಳಿದೆವು. ನನ್ನ ಬೂಟಿನ ತುದಿ ಬಿಳಿ ಪಟ್ಟಿಯಿಂದ ಗೇಣು ದೂರ, ಮೈದಾನದ ಅಂಚಿನ ಹಾಳು ಬಿಳಿ ಪಟ್ಟಿ, ಆಟ ನಡೆಯುವಾಗ ರೆಫರಿ ಬಿಟ್ಟರೆ ಇನ್ಯಾರೂ ಅದನ್ನು ತುಳಿಯುವಂತಿಲ್ಲ, ಹೋದ ವರ್ಷ ಇದೇ ಆರ್ಡೆನ್ ಮೇಲೆ ನಾನು ತುಳಿದೆ, ತುಳಿದದ್ದೇನು, ಕುಣಿದೆ, ಎದುರಿನವನು ನಮ್ಮ ಹುಡುಗನ ಅಂಗಿ ಹಿಡಿದೆಳೆದ, ರೆಫರಿಗೆ ಕಾಣಲಿಲ್ಲ, ನನಗೆ ಕಂಡಿತು, ಕಣ್ಣು ಕುರುಡೇನೋ ಅಂತ ಬೊಬ್ಬೆ ಹೊಡೆದು ಪಟ್ಟಿಗೆ ನುಗ್ಗಿದೆ, ಓಡಿ ಬರುತ್ತಿದ್ದ ಇನ್ನೊಬ್ಬ ರೆಫರಿ ನನ್ನ ಬೆನ್ನಿಗೆ ಡಿಕ್ಕಿ ಹೊಡೆದು ಬಿದ್ದ, ಹದಿನೈದು ಗಜ ದಂಡ, ಎರಡು ಅಂಕದಲ್ಲಿ ಸೋಲು. ಬಿದ್ದವನು ಎದ್ದು ತಿರುಗುವಷ್ಟರಲ್ಲಿ ಹಾವ್ಲಿಕ್ ನನ್ನನ್ನು ಹಿಂದಕ್ಕೆ ದೂಡಿ ತಾನು ಮುಂದೆ ನಿಂತಿದ್ದ, ಕೈ ಎತ್ತಿ, ನಾನೇ ಸ್ವಾಮಿ, ಕಾಲು ಜಾರ್ತು. ಕ್ಯಾಮೆರಾಗಳೆಲ್ಲ ಚೆಂಡಿನ ಹಿಂದೆ ಹೋಗಿದ್ದವು, ಯಾರಿಗೂ ಗೊತ್ತಾಗಲಿಲ್ಲ, ವರ್ಷವಿಡೀ ಊರು ಅವನನ್ನು ಬೈಯಿತು, ಕ್ಷೌರದಂಗಡಿಯಲ್ಲಿ, ಚರ್ಚಿನ ಮೆಟ್ಟಿಲಲ್ಲಿ, ತನ್ನ ಕಾಲೇ ಹಿಡಿತದಲ್ಲಿಲ್ಲ, ಹುಡುಗರನ್ನ ಹೆಂಗೆ ಹಿಡೀತಾನೆ ಅಂತ, ನಾನು ಕೇಳಿಸಿಕೊಂಡೆ, ಬಾಯಿ ಬಿಡಲಿಲ್ಲ, ಯಾರನ್ನು ಬೇಕಾದರೂ ಬೈಯುವ ಈ ಬಾಯಿ.

ಬೆಳಿಗ್ಗೆ ಪ್ರೆಂಟಿಸ್ ಕಾಲೇಜಿನ ಕ್ಯಾಂಟೀನಿಗೆ ಕರೆದ, ಕ್ರೀಡಾ ವಿಭಾಗದ ಸಾಹೇಬ, ನನ್ನ ಮುಂದೆ ಚಿಲಿ, ಮಾಂಸ ಹುರುಳಿಯ ಖಾರದ ಸಾರಿನ ಬಟ್ಟಲು, ಪಕ್ಕದಲ್ಲಿ ದಾಲ್ಚಿನ್ನಿ ರೋಲ್, ನಾನು ನಮ್ಮ ಕಡೆಯವರ ಹಾಗೆ ರೋಲನ್ನು ಮುರಿದು ಚಿಲಿಯಲ್ಲಿ ಅದ್ದುತ್ತಿದ್ದೆ, ನೋಡಪ್ಪಾ ವರ್ಲಿನ್, ಇವತ್ತು ಸೋತ್ರೆ ಎಮಿಲ್ ಹಾವ್ಲಿಕ್ ಮನೆಗೆ, ಸೋಮವಾರದಿಂದ ನೀನೇ ಮುಖ್ಯ ಕೋಚ್, ಆಟ ಮುಗಿಯೋದ್ರೊಳಗೆ ಹೂಂ ಅಥವಾ ಊಹೂಂ ಹೇಳು, ಕಳೆದ ವರ್ಷದ ಆ ಕಾಲು ಟ್ರಸ್ಟಿಗಳು ಇನ್ನೂ ಮರೆತಿಲ್ಲ. ಯಾರ ಕಾಲು? ಕೇಳಬೇಕಿತ್ತು. ಇನ್ನೊಂದು ತುಂಡು ಮುರಿದು ಅದ್ದಿದೆ. ಇಪ್ಪತ್ತು ವರ್ಷದಿಂದ ನನಗೆ ಬೇಕಾಗಿದ್ದ ಕುರ್ಚಿ, ಎರಡು ಕೋಣೆಯ ಹಳ್ಳಿ ಶಾಲೆಯಲ್ಲಿ ಕಲಿತ ನನಗೆ, ಆಟದ ನಕ್ಷೆ ಬರೆಯುವುದರಲ್ಲಿ ಹಾವ್ಲಿಕ್ ನನ್ನ ಮುಂದೆ ಏನೂ ಅಲ್ಲ, ಅವನ ನಕ್ಷೆ ಕೋಳಿ ಕೆದರಿದ ಹಾಗೆ — ಆದರೆ ನಮ್ಮ ತಡೆಯುವ ಪಡೆಯ ದೊಡ್ಡ ಆಟಗಾರ ಗಟ್ಲುವಾಕ್‌ನನ್ನು ನಮ್ಮ ಕಾಲೇಜಿಗೆ ತಂದದ್ದು ನನ್ನ ನಕ್ಷೆಯೇ? ಮಾಂಸದ ಕಾರ್ಖಾನೆಯ ಹಿಂದಿನ ಆ ಮನೆಗೆ ಮೂರು ದೊಡ್ಡ ಕಾಲೇಜಿನವರು ಹೋಗಿ ಬಂದಿದ್ದರು, ತಾವು ಗೆದ್ದ ಪಂದ್ಯಾವಳಿಗಳ ಹೊಳೆಯುವ ಉಂಗುರ ತೋರಿಸಿ, ನಾವು ಹೋದಾಗ ಅವನ ತಾಯಿ ಹುಳಿಹಿಟ್ಟಿನ ತೆಳು ರೊಟ್ಟಿ, ಬೆಂಡೆಕಾಯಿ ಸಾರು ಬಡಿಸಿದಳು, ಹಾವ್ಲಿಕ್ ಫುಟ್‌ಬಾಲ್ ಅಂತ ಒಂದು ಮಾತೂ ಎತ್ತಲಿಲ್ಲ, ತಿಂದು ಎದ್ದು ಪಾತ್ರೆ ತೊಳೆಯತೊಡಗಿದ, ಬಿಡಿ ಬಿಡಿ, ನೀವು ಅತಿಥಿ, ಅಲ್ಲಮ್ಮಾ, ನಿಮ್ಮ ಮಗನ್ನ ನಾಲ್ಕು ವರ್ಷ ಕೇಳೋಕೆ ಬಂದಿರೋನು, ಒಂದು ಬಾಣಲೆನಾದ್ರೂ ತಿಕ್ಕಬಾರ್ದಾ? ನಾಟಕ ಅಂದುಕೊಂಡೆ. ಕಾರು ಹತ್ತಿದ ಮೇಲೆ ಬೈದೆ, ಎಂಥ ನಾಟಕ ಕೋಚ್ ನಿಮ್ದು, ಅವನು ನಗಲಿಲ್ಲ, ಹುಡುಗ ಅವ್ರಮ್ಮನ್ನ ನೋಡ್ತಿದ್ದ ರೀತಿ ಗಮನಿಸಿದ್ಯಾ, ಸೋತ ದಿನ ಅವನು ಮಾತಾಡೋದು ಅವಳ ಹತ್ರಾನೇ, ಆ ದಿನ ಅವಳು ನಮ್ಮ ಕಡೆ ಇರ್ಬೇಕು. ಗೆಲ್ಲುವ ದಿನಕ್ಕೆ ನಾನು ನಕ್ಷೆ ಬರೆಯುತ್ತೇನೆ. ಈ ಮುದುಕ ಸೋಲುವ ದಿನಕ್ಕೂ ತಯಾರಾಗಿರುತ್ತಾನೆ.

ಸೀಟಿ. ಎರಡೂ ತಂಡ ಬಗ್ಗಿ ನಿಂತಿವೆ, ಗಟ್ಲುವಾಕ್ ನನ್ನ ಕಡೆ ನೋಡುತ್ತಿದ್ದಾನೆ, ಏನ್ಮಾಡ್ಲಿ ಕೋಚ್, ಎಲ್ಲರೂ ಒಟ್ಟಿಗೆ ನುಗ್ಗೋದೋ, ಹಿಂದೆ ನಿಂತು ಕಾಯೋದೋ, ಹಾವ್ಲಿಕ್ ಕಿವಿಯ ಹತ್ತಿರ ಹೇಳುತ್ತಾನೆ, ಕಾದರೆ ಒಳ್ಳೇದು ಅನ್ಸುತ್ತೆ ನಂಗೆ, ಆದ್ರೆ ತಡೆಯೋ ಆಟ ನಿಂದು, ನೀನೇ ಹೇಳು. ನೀನೇ ಹೇಳು! ಯಾವ ಮುಖ್ಯ ಕೋಚ್ ಹೀಗನ್ನುತ್ತಾನೆ, ಕೆಲಸ ಹೋಗುವ ಸೆಕೆಂಡಿನಲ್ಲಿ, ನೆತ್ತಿಯಲ್ಲಿ ರಕ್ತ ಕುದಿಯುತ್ತದೆ, ಹೋದ ವರ್ಷದ ಸೇಡು, ಮುರಿದು ಹಾಕಬೇಕು ಇವರನ್ನು, ನುಗ್ರೋ, ಎಲ್ಲಾ ನುಗ್ರೋ ಎಂದು ಎರಡೂ ಮುಷ್ಟಿ ಮುಂದಕ್ಕೆ ಗುದ್ದಿದೆ, ಎಲ್ಲರೂ ನುಗ್ಗಿದರು, ಗಟ್ಲುವಾಕ್ ಚೆಂಡು ಹಿಡಿದವನ ಅಂಗಿ ಮುಟ್ಟಿದ, ಮುಟ್ಟಿದ, ಅಷ್ಟರಲ್ಲಿ ಚೆಂಡು ಅವನ ತಲೆಯ ಮೇಲೆ, ಮೆಲ್ಲಗೆ, ಸೋಮಾರಿ ಹಕ್ಕಿಯ ಹಾಗೆ, ಗೆರೆಯಾಚೆ ನಾನು ಖಾಲಿ ಮಾಡಿಸಿದ ಜಾಗಕ್ಕೇ ಹೋಗಿ ಇಳಿಯಿತು, ಅಲ್ಲೊಬ್ಬ ಒಂಟಿಯಾಗಿ ನಿಂತಿದ್ದ, ಹಿಡಿದ. ರೆಫರಿಯ ಎರಡು ಕೈ ಮೇಲೆ, ಆರು ಅಂಕ ಅವರಿಗೆ, ಸೋತೆವು.

ಬ್ಯಾಂಡು ಅವರದು. ಹಾವ್ಲಿಕ್ ಹೋಗಿ ಆರ್ಡೆನ್ ಕೋಚಿನ ಕೈ ಕುಲುಕಿದ, ನೆಲಕ್ಕೆ ಬಿದ್ದಿದ್ದ ಗಟ್ಲುವಾಕ್‌ನನ್ನು ಎಬ್ಬಿಸಿ ಕಿವಿಯಲ್ಲಿ ಏನೋ ಹೇಳಿದ, ಹುಡುಗ ಅಳುತ್ತಲೇ ನಕ್ಕ, ಏನು ಹೇಳಿದನೋ, ನನಗಾಗಿದ್ದರೆ ಬೈಗುಳ ಬಿಟ್ಟು ಬೇರೆ ಮಾತು ಸಿಗುತ್ತಿರಲಿಲ್ಲ, ಮೇಲೆ ಗಾಜಿನ ಕೋಣೆಯಿಂದ ಪ್ರೆಂಟಿಸ್ ನನ್ನನ್ನೇ ನೋಡುತ್ತ, ಹೂಂ ಅಥವಾ ಊಹೂಂ, ಮೈಕುಗಳು ಆಗಲೇ ಬಂದವು, ಊರ ಪತ್ರಿಕೆಯ ವರದಿಗಾರ್ತಿ ಬಾನಿ ಮುಂದೆ, ಕೋಚ್ ಹಾವ್ಲಿಕ್, ಎಲ್ಲರನ್ನೂ ನುಗ್ಗಿಸಿದ್ದು ಯಾರ ತೀರ್ಮಾನ? ಅವನು ಬಾಯಿ ತೆರೆಯುತ್ತಾನೆ, ಏನು ಹೇಳುತ್ತಾನೆಂದು ಗೊತ್ತು, ಹತ್ತೊಂಬತ್ತು ವರ್ಷದಿಂದ ಗೊತ್ತು, ನಂದೇ, ನನ್ನ ತೀರ್ಮಾನ — ನನ್ನ ಕಾಲು ಮುಂದೆ ಹೋಯಿತು, ಬೆಲ್ಟು ಬಿಗಿಯಾಯಿತು, ಮೂರು ಬೆರಳು ಒಳಗೆ, ಸೊಟ್ಟ ಕಿರುಬೆರಳು ಮೂಳೆಗೆ, ಹಿಂದೆ ಬಾ ವರ್ಲಿನ್, ಬೆನ್ನ ಹಿಂದೆ ಪಿಸುಮಾತು, ಪ್ರೆಂಟಿಸ್‌ಗೆ ನಿನ್ನ ಹೆಸರು ಕೊಟ್ಟೋನೇ ನಾನು, ಕೆಡಿಸ್ಕೋಬೇಡ, ಸುಮ್ನಿರು. ಇವನೇ ಕೊಟ್ಟದ್ದು. ನನ್ನ ಹೆಸರು. ಇವನೇ — ಬಾನಿ, ನುಗ್ಗಿಸಿದ್ದು ನಾನು, ಬರ್ಕೋ, ಇವ್ರು ಬೇಡ ಅಂದಿದ್ರು, ಇನ್ನೊಂದೂ ಬರ್ಕೋ, ಹೋದ ವರ್ಷ ಪಟ್ಟಿ ತುಳಿದ ಕಾಲೂ ನಂದೇ, ಇವ್ರದಲ್ಲ. ಮೈಕುಗಳೆಲ್ಲ ಒಮ್ಮೆಗೇ ನನ್ನ ಕಡೆ ತಿರುಗುತ್ತವೆ, ಗಾಜಿನ ಹಿಂದೆ ಪ್ರೆಂಟಿಸ್ ಎದ್ದು ನಿಂತಿದ್ದಾನೆ, ನಿಲ್ಲಲಿ, ನಾನು ಕಾಯುತ್ತಿರುವುದು ಬೆನ್ನ ಹಿಂದಿನ ಎಳೆತಕ್ಕೆ, ಅದು ಬರುವುದಿಲ್ಲ, ಒಂದು ಬೆರಳು ಸಡಿಲಾಗುತ್ತದೆ, ಇನ್ನೊಂದು, ಇನ್ನೊಂದು, ಕೊನೆಗೆ ಮೂಳೆಯ ಮೇಲೆ ಬೆಚ್ಚಗೆ, ಒಂದೇ ಒಂದು, ಆ ಸೊಟ್ಟ ಕಿರುಬೆರಳು